ನಾಲ್ಕು ಚೌಕಗಳಲ್ಲೂ ಅಜ್ಜಿ ಒಬ್ಬಳೇ ಆಗಿರಬೇಕು: ಪೆನ್ಸಿಲ್‌ನಲ್ಲಿ ಕಾಮಿಕ್ ಪಾತ್ರ ಬರೆಯುವ ಬಗ್ಗೆ

ಪ್ರಶ್ನೆ: ಗೋಡೆಪತ್ರಿಕೆ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಸಂಜೆ ಶಾಲೆ ಬಿಟ್ಟ ಮೇಲೆ ಮಕ್ಕಳು ಇಲ್ಲಿಗೆ ಬರುತ್ತಾರೆ. ಅವರೆಲ್ಲ ಸೇರಿ ವಾರಕ್ಕೊಮ್ಮೆ ಒಂದು ಗೋಡೆ ಪತ್ರಿಕೆ ತರುತ್ತಾರೆ. ಕಥೆ, ಒಗಟು, ಊರಿನ ಸುದ್ದಿ ಎಲ್ಲವೂ ಅವರದೇ ಬರಹ. ಕೆಳಗಿನ ನಾಲ್ಕು ಚೌಕಗಳ ಕಾಮಿಕ್ ಸ್ಟ್ರಿಪ್ ಮಾತ್ರ ನನ್ನದು.

ಪಾತ್ರದ ಹೆಸರು ಗಂಗಜ್ಜಿ. ಅಕ್ಷರ ಬಾರದವಳು. ಆದರೂ ದಿನವೂ ಗ್ರಂಥಾಲಯಕ್ಕೆ ಬಂದು, ಕೈಗೆ ಸಿಕ್ಕ ಹುಡುಗನನ್ನು ಕೂರಿಸಿಕೊಂಡು ಪೇಪರ್ ಓದಿಸುತ್ತಾಳೆ. ಈರುಳ್ಳಿ ದರದಿಂದ ಹಿಡಿದು ಚಂದ್ರಯಾನದವರೆಗೆ ಪ್ರತಿಯೊಂದಕ್ಕೂ ಅವಳದೊಂದು ಅಭಿಪ್ರಾಯ ಇದ್ದೇ ಇರುತ್ತದೆ. ಉಟ್ಟಿರುವುದು ಇಳಕಲ್ ಸೀರೆ, ತಲೆಯ ಮೇಲೆ ಸೆರಗು, ಖಣದ ಕುಪ್ಪಸ, ಸೊಂಟದಲ್ಲಿ ಎಲೆ-ಅಡಿಕೆಯ ಸಂಚಿ. ಎಲ್ಲಿ ಹೋದರೂ ಹಿಂದೆಯೇ ಅವಳ ಆಡು.

ಮೊದಲ ಚೌಕದಲ್ಲಿ ಗಂಗಜ್ಜಿ ನಾನು ಅಂದುಕೊಂಡ ಹಾಗೆಯೇ ಬರುತ್ತಾಳೆ. ಎರಡನೆಯದರಲ್ಲಿ ಮುಖ ಸ್ವಲ್ಪ ಉದ್ದವಾಗುತ್ತದೆ. ಮೂರನೆಯದಕ್ಕೆ ಬರುವಷ್ಟರಲ್ಲಿ ಆಕೆ ಬೇರೆಯೇ ಹೆಂಗಸು. ಪಕ್ಕಕ್ಕೆ ತಿರುಗಿಸಿದರಂತೂ ಎಪ್ಪತ್ತರ ಮುದುಕಿ ಮೂವತ್ತರ ಹರೆಯಕ್ಕೆ ಇಳಿಯುತ್ತಾಳೆ. ಕಳೆದ ವಾರ ಒಬ್ಬ ಹುಡುಗಿ ಮೂರನೆಯ ಚೌಕದ ಮೇಲೆ ಬೆರಳಿಟ್ಟು “ಇವರು ಯಾರು?” ಎಂದು ಕೇಳಿದಳು. ಆ ಪ್ರಶ್ನೆ ಇನ್ನೂ ಕೊರೆಯುತ್ತಿದೆ.

ಎರಡನೆಯ ತೊಡಕು ಪೆನ್ಸಿಲ್‌ನದು. ಎಚ್‌ಬಿ ಪೆನ್ಸಿಲ್‌ನಲ್ಲಿ ಬರೆದು, ಅಳಿಸಿ, ಮತ್ತೆ ಬರೆಯುವಷ್ಟರಲ್ಲಿ ಹಾಳೆಯ ಮೇಲ್ಮೈ ಎದ್ದುಬಿಡುತ್ತದೆ, ಹಳೆಯ ಗೆರೆಯ ತಗ್ಗು ಹಾಗೆಯೇ ಉಳಿಯುತ್ತದೆ. ಪಕ್ಕದ ಊರಿನ ಎರಡು ಶಾಲೆಗಳಿಗೂ ಪತ್ರಿಕೆಯ ಜೆರಾಕ್ಸ್ ಕಳುಹಿಸುತ್ತೇವೆ. ಅದರಲ್ಲಿ ಬೇಕಾದ ಗೆರೆ ಮಾಯವಾಗಿ, ಅಂಗೈ ಒರೆಸಿದ ಬೂದು ಕಲೆ ಮಾತ್ರ ಮೂಡುತ್ತದೆ.

ಕಂಪ್ಯೂಟರ್, ಟ್ಯಾಬ್ಲೆಟ್ ಬೇಡ. ಈ ಮಕ್ಕಳ ಪ್ರತಿಯೊಂದು ಚೀಲದಲ್ಲೂ ಒಂದು ಪೆನ್ಸಿಲ್ ಇದೆ. ಅದರಿಂದಲೇ ಇಷ್ಟು ಸಾಧ್ಯ ಎಂಬುದನ್ನು ಅವರು ಕಣ್ಣಾರೆ ನೋಡಬೇಕು. ದಯವಿಟ್ಟು ತಿಳಿದವರು ಹೇಳಿ.

ಉತ್ತರ: ಬಿಡಿಚಿತ್ರ

ಮೇಡಂ, ಆನಿಮೇಷನ್ ಕೆಲಸ ಮಾಡುವವರು ಮೊದಲು ಮಾಡೆಲ್ ಶೀಟ್ ಮಾಡಿಕೊಳ್ಳುತ್ತಾರೆ. ಒಂದೇ ಹಾಳೆಯಲ್ಲಿ ಪಾತ್ರವನ್ನು ಎದುರಿನಿಂದ, ಅರ್ಧ ತಿರುಗಿದಂತೆ, ಪಕ್ಕದಿಂದ, ಹಿಂದಿನಿಂದ ಬರೆದು, ಕಣ್ಣು, ಗಲ್ಲ, ಸೊಂಟ, ಪಾದ ಎಲ್ಲವೂ ಒಂದೇ ಮಟ್ಟಕ್ಕೆ ಬರುವಂತೆ ಅಡ್ಡಗೆರೆ ಎಳೆದಿರುತ್ತಾರೆ. ನೀವೂ ಹಾಗೊಂದು ಹಾಳೆ ಸಿದ್ಧ ಮಾಡಿ, ಹಗಲಿನಲ್ಲಿ ಕಿಟಕಿ ಗಾಜಿಗೆ ಹಿಡಿದು, ಬೇಕಾದ ಭಂಗಿಯನ್ನು ಚೌಕಕ್ಕೆ ನಕಲು ಇಳಿಸಿಕೊಳ್ಳಿ. ಮುಖ ಬದಲಾಗುವ ಮಾತೇ ಇರುವುದಿಲ್ಲ.

ಉತ್ತರ: ಸೀಸಕಡ್ಡಿ

ಮಾಡೆಲ್ ಶೀಟ್ ಬೇಕು, ಆ ಮಾತು ಒಪ್ಪುತ್ತೇನೆ. ನಕಲು ಇಳಿಸುವುದನ್ನು ಒಪ್ಪಲಾರೆ. ಹಾಳೆಯಲ್ಲಿ ನಾಲ್ಕು ಭಂಗಿ ಇದ್ದರೆ ಅಜ್ಜಿ ಜೀವನಪೂರ್ತಿ ಆ ನಾಲ್ಕೇ ಭಂಗಿಯಲ್ಲಿ ನಿಲ್ಲುತ್ತಾಳೆ. ಸಂಚಿ ಬಿಚ್ಚಲು ಬಗ್ಗಿದಾಗ, ಆಡನ್ನು ಎಳೆಯುವಾಗ, ನೆಲದ ಮೇಲೆ ಕಾಲು ಚಾಚಿ ಕೂತಾಗ ಏನು ಮಾಡುತ್ತೀರಿ?

ನಾನು ಹುಬ್ಬಳ್ಳಿಯ ಒಂದು ಪತ್ರಿಕೆಯ ಕಲಾ ವಿಭಾಗದಲ್ಲಿದ್ದವನು. ಬ್ರೋಮೈಡ್ (ಅಕ್ಷರ, ಚಿತ್ರ ಮೂಡಿಸಿದ ಫೋಟೋ ಕಾಗದ) ಕತ್ತರಿಸಿ, ಪುಟ ಅಂಟಿಸಿ, ಕ್ಯಾಮೆರಾ ಕೋಣೆಗೆ ಕಳುಹಿಸುತ್ತಿದ್ದ ಕಾಲ ಅದು. ವ್ಯಂಗ್ಯಚಿತ್ರಕಾರರ ಮೂಲಚಿತ್ರಗಳು ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತಿದ್ದವು. ಮಸಿಯ ಕೆಳಗೆ ಅಳಿಸದೆ ಉಳಿದ ಪೆನ್ಸಿಲ್ ಗೆರೆಗಳನ್ನು ನೋಡುವುದು ಆಗ ನನಗೆ ದೊಡ್ಡ ಪಾಠವಾಗಿತ್ತು. ಅಲ್ಲಿ ಕಂಡದ್ದನ್ನೇ ನಿಮಗೆ ಹೇಳುತ್ತೇನೆ. ಕೈ ಪಳಗಿದವರ ಪೆನ್ಸಿಲ್ ಗೆರೆಗಳಲ್ಲಿ ಕಣ್ಣು ಮೂಗು ಇರುತ್ತಲೇ ಇರಲಿಲ್ಲ. ಒಂದು ಉಂಡೆ, ಒಂದು ಬೆನ್ನುಗೆರೆ, ಭುಜ ಎಲ್ಲಿ, ಪಾದ ಎಲ್ಲಿ ಎಂಬ ಗುರುತು, ಅಷ್ಟೇ. ಪಾತ್ರ ಆಗಲೇ ಅಲ್ಲಿ ನಿಂತಿರುತ್ತಿತ್ತು.

ಮೂರನೆಯ ಚೌಕದಲ್ಲಿ ಅಜ್ಜಿ ಬೇರೆಯವಳಾಗುತ್ತಾಳೆ ಎಂದಿರಿ. ನೀವು ಕಣ್ಣಿನಿಂದ ಶುರು ಮಾಡಿ, ಮೂಗು ಬಾಯಿ ಮುಗಿಸಿ, ಅದರ ಸುತ್ತ ತಲೆ ಬರೆದು, ಉಳಿದ ಜಾಗದಲ್ಲಿ ಮೈ ತುಂಬುತ್ತಿರಬೇಕು. ಹಾಗೆ ಮಾಡಿದರೆ ಕಣ್ಣು ಒಂದು ಕೂದಲೆಳೆ ದೊಡ್ಡದಾದರೂ ತಲೆ ದೊಡ್ಡದಾಗುತ್ತದೆ, ಮೈ ಕುಗ್ಗುತ್ತದೆ. ಕ್ರಮವನ್ನು ತಿರುಗಿಸಿ.

ಮೊದಲು ತಲೆಯ ಅಳತೆ. ನಿಜವಾದ ವಯಸ್ಕರ ಎತ್ತರ ಸುಮಾರು ಏಳೂವರೆ ತಲೆಗಳಷ್ಟು. ಕಾಮಿಕ್ ಪಾತ್ರಕ್ಕೆ ಅಷ್ಟು ಬೇಡ, ಸಣ್ಣ ಚೌಕದಲ್ಲಿ ಮುಖವೇ ಕಾಣದು. ಗಂಗಜ್ಜಿಗೆ ಮೂರು ತಲೆ ಸಾಕು. ಸೆರಗು ಸೇರಿ ಮುಖ ಒಂದು, ಭುಜದಿಂದ ಸೊಂಟ ಒಂದು, ಸೊಂಟದಿಂದ ಪಾದ ಒಂದು. ಹತ್ತು ರೂಪಾಯಿಯ ನಾಣ್ಯ 27 ಮಿಲಿಮೀಟರ್ ಅಗಲ ಇರುತ್ತದೆ. ಅದನ್ನೇ ಹಾಳೆಯ ಮೇಲಿಟ್ಟು ಸುತ್ತ ತೆಳ್ಳಗೆ ಗೆರೆ ಎಳೆದರೆ ತಲೆಯ ಉಂಡೆ ಸಿದ್ಧ. ನಾಲ್ಕು ಚೌಕಗಳಲ್ಲೂ ಅದೇ ನಾಣ್ಯ. ಕಾಗದದ ಒಂದು ಚೂರಿನ ಅಂಚಿಗೆ ಮೂರು ನಾಣ್ಯಗಳ ಅಳತೆ ಗುರುತು ಹಾಕಿಕೊಂಡರೆ ಮೈಯ ಉದ್ದವೂ ಸಿಕ್ಕಿತು. ಕೈಗೆ ಅಳತೆ ಕೂತ ಮೇಲೆ ನಾಣ್ಯವನ್ನು ತಾನಾಗಿಯೇ ಬಿಡುತ್ತೀರಿ.

ಆಮೇಲೆ ಬೆನ್ನುಗೆರೆ. ಗಣಪತಿ ಮಾಡುವವರು ಮಣ್ಣು ಮೆತ್ತುವ ಮುನ್ನ ಒಳಗೊಂದು ಕಡ್ಡಿ ನಿಲ್ಲಿಸುತ್ತಾರಲ್ಲ, ಈ ಗೆರೆ ಅದೇ ಕೆಲಸ ಮಾಡುತ್ತದೆ. ಅಜ್ಜಿಯ ಗೆರೆ ಹಿಮ್ಮಡಿಯಿಂದ ಸೊಂಟದವರೆಗೆ ಬಹುಮಟ್ಟಿಗೆ ನೆಟ್ಟಗೆ ಬಂದು, ಅಲ್ಲಿಂದ ಮುಂದಕ್ಕೆ ಬಾಗುತ್ತದೆ. ಮೂರು ತಲೆಯ ಅಳತೆಯನ್ನು ಈ ಬಾಗಿದ ಗೆರೆಯ ಮೇಲೆಯೇ ಹಿಡಿಯಬೇಕು, ನೇರವಾಗಿ ಮೇಲಕ್ಕೆ ಅಳೆದರೆ ಅಜ್ಜಿ ಎತ್ತರವಾಗಿಬಿಡುತ್ತಾಳೆ. ತಲೆ ಭುಜಗಳ ಮೇಲೆ ಕೂರುವುದಿಲ್ಲ, ಎದೆಯ ಮುಂದೆ ಬರುತ್ತದೆ. ಕುತ್ತಿಗೆ ಕಾಣಲೇಬಾರದು. ವಯಸ್ಸು ಇರುವುದು ಇಲ್ಲಿಯೇ. ಸುಕ್ಕುಗಳಿಂದ ವಯಸ್ಸು ತರಲು ಹೋಗಬೇಡಿ. ಒಂದು ಅಂಗುಲದ ಮುಖದಲ್ಲಿ ಸುಕ್ಕು ಕೊಳೆಯಂತೆ ಕಾಣುತ್ತದೆ.

ಮುಖದಲ್ಲಿ ವಯಸ್ಸು ತೋರಿಸುವ ಒಂದೇ ಜಾಗವಿದೆ, ಮೂಗಿನ ಬುಡದಿಂದ ಗಲ್ಲದವರೆಗಿನ ಅಂತರ. ಹಲ್ಲು ಹೋದವರ ಬಾಯಿಯನ್ನು ಗಮನಿಸಿ ನೋಡಿ. ದವಡೆ ಮೇಲಕ್ಕೆ ಬಂದು ಮೂಗಿಗೂ ಗಲ್ಲಕ್ಕೂ ನಡುವಿನ ಜಾಗ ಕುಗ್ಗುತ್ತದೆ, ತುಟಿ ಒಳಗೆ ಸೇರುತ್ತದೆ, ಗಲ್ಲ ಮುಂದೆ ಚಾಚುತ್ತದೆ. ಆ ಅಂತರವನ್ನು ಅರ್ಧಕ್ಕೆ ಇಳಿಸಿ, ಬಾಯಿಗೆ ಒಂದೇ ಸಣ್ಣ ಗೆರೆ ಹಾಕಿ. ಕಣ್ಣಿಗೆ ಎರಡು ಚುಕ್ಕೆ ಸಾಕು. ಒಮ್ಮೆ ಚುಕ್ಕೆ ಎಂದು ನಿರ್ಧರಿಸಿದ ಮೇಲೆ ಯಾವ ಕಾರಣಕ್ಕೂ ರೆಪ್ಪೆ ಬರೆಯಬೇಡಿ.

ಕೊನೆಯದಾಗಿ ಸೆರಗು. ಹಣೆಯಿಂದ ಎದ್ದು ತಲೆ ದಾಟಿ ಬೆನ್ನಿನ ಮೇಲೆ ಇಳಿಯುವ ಒಂದೇ ಗೆರೆ. ನಿಮ್ಮ ಅಜ್ಜಿಯ ಗುರುತು ಅದೇ. ಆರ್.ಕೆ. ಲಕ್ಷ್ಮಣರ ಶ್ರೀಸಾಮಾನ್ಯನನ್ನು ನೆನಪಿಸಿಕೊಳ್ಳಿ. ಚೌಕಳಿ ಕೋಟು, ಧೋತರ, ಬೋಳು ತಲೆಯ ಹಿಂದೆ ಎದ್ದ ಬಿಳಿ ಕೂದಲು. ಬೆನ್ನು ಮಾಡಿ ನಿಂತಿದ್ದರೂ ಅವನೇ ಎಂದು ಗೊತ್ತಾಗುತ್ತದೆ. ಲಕ್ಷ್ಮಣ್ ಮೊದಲು ಸಾಮಾನ್ಯ ಜನರ ಗುಂಪನ್ನೇ ಬರೆಯುತ್ತಿದ್ದರು. ದಿನದ ಗಡುವಿನ ಒತ್ತಡದಲ್ಲಿ ಒಬ್ಬೊಬ್ಬರನ್ನೇ ಬಿಡುತ್ತಾ ಬಂದು ಕೊನೆಗೆ ಈ ಒಬ್ಬ ಉಳಿದ. ಮೈಸೂರಿನ ಹುಡುಗನಾಗಿದ್ದಾಗ ಅವರು ರಾ.ಶಿ. ಅವರ ಹಾಸ್ಯ ಪತ್ರಿಕೆ ‘ಕೊರವಂಜಿ’ಗೆ ಚಿತ್ರ ಬರೆದುಕೊಟ್ಟವರು, ನಮ್ಮವರೇ. ನೀವೂ ಪರೀಕ್ಷೆ ಮಾಡಿ. ಅಜ್ಜಿಯ ಇಡೀ ಆಕೃತಿಯನ್ನು ಪೆನ್ಸಿಲ್‌ನಿಂದ ಕಪ್ಪಗೆ ತುಂಬಿ ಮಕ್ಕಳಿಗೆ ತೋರಿಸಿ. ನೆರಳು ನೋಡಿಯೇ ಗಂಗಜ್ಜಿ ಎಂದರೆ ಮುಖದ ಚಿಂತೆ ಬಿಡಿ.

ಪೆನ್ಸಿಲ್ ಬಗ್ಗೆ. ಕಡ್ಡಿಯೊಳಗಿರುವುದು ಗ್ರಾಫೈಟ್ ಮತ್ತು ಜೇಡಿ. ಜೇಡಿ ಹೆಚ್ಚಿದರೆ ಗಟ್ಟಿ, ತೆಳು ಗೆರೆ, ಅದು ಎಚ್ ಸಾಲು. ಗ್ರಾಫೈಟ್ ಹೆಚ್ಚಿದರೆ ಮೆದು, ಕಪ್ಪು ಗೆರೆ, ಅದು ಬಿ ಸಾಲು. ಎಚ್‌ಬಿ ನಡುವಿನದು. ಅದರಿಂದ ಎರಡೂ ಕೆಲಸ ಮಾಡಿಸಲು ಹೋಗಿ ನಿಮ್ಮ ಹಾಳೆ ಹಾಳಾಗುತ್ತಿದೆ. ಉಂಡೆ, ಬೆನ್ನುಗೆರೆಗೆ 2ಎಚ್ ತೆಗೆದುಕೊಳ್ಳಿ. ತುದಿಯಿಂದ ದೂರ, ಪೆನ್ಸಿಲ್‌ನ ನಡುಭಾಗದಲ್ಲಿ ಹಿಡಿಯಿರಿ. ಹಿಡಿತ ದೂರವಾದಷ್ಟೂ ಒತ್ತಡ ಕಡಿಮೆಯಾಗುತ್ತದೆ. ಗಟ್ಟಿ ಪೆನ್ಸಿಲ್ ಒತ್ತಿದರೆ ತಗ್ಗು ಬೀಳುವುದು ಖಂಡಿತ. ಮಣಿಕಟ್ಟಿನಿಂದ ಗೆರೆ ಎಳೆಯಬೇಡಿ, ಮೊಣಕೈ ಆಡಲಿ. ಕೊನೆಯ ಗೆರೆಗೆ ಮಾತ್ರ 2ಬಿ. ಅದನ್ನು ಬ್ಲೇಡಿನಿಂದ ಉದ್ದ ಮೊನೆ ಬರುವಂತೆ ಹೆರೆದುಕೊಳ್ಳಿ, ಮೆಂಡರ್ ಕೊಡುವ ಗಿಡ್ಡ ಮೊನೆ ಬೇಗ ಮೊಂಡಾಗುತ್ತದೆ. ಅಂಗೈ ಕೆಳಗೆ ಯಾವಾಗಲೂ ಒಂದು ಬೇರೆ ಕಾಗದದ ಚೂರು ಇರಲಿ. ಬೂದು ಕಲೆಯ ಅರ್ಧ ತೊಂದರೆ ಅಷ್ಟಕ್ಕೇ ನೀಗುತ್ತದೆ.

ಬಿಡಿಚಿತ್ರ

ಸರ್, ನಕಲು ಇಳಿಸುವುದನ್ನು ಅಷ್ಟು ಬೇಗ ತಳ್ಳಿಹಾಕಬೇಡಿ. ಟಿನ್‌ಟಿನ್ ಕಾಮಿಕ್ ಬರೆದ ಹೆರ್ಜೆಯೇ ಅದನ್ನು ಮಾಡುತ್ತಿದ್ದರಲ್ಲ? ಪೆನ್ಸಿಲ್‌ನಲ್ಲಿ ಗೆರೆಯ ಮೇಲೆ ಗೆರೆ ಹಾಕಿ, ಅದರಲ್ಲಿ ಒಳ್ಳೆಯದನ್ನು ಆರಿಸಿ ಇನ್ನೊಂದು ಹಾಳೆಗೆ ಇಳಿಸಿಕೊಳ್ಳುತ್ತಿದ್ದರು. ಪುಸ್ತಕದಲ್ಲಿ ಕಾಣುವ ಆ ತಿಳಿಯಾದ ಗೆರೆ ಬಂದದ್ದೇ ಹಾಗೆ.

ಸೀಸಕಡ್ಡಿ

ಒಳ್ಳೆಯ ಉದಾಹರಣೆ ತಂದಿರಿ. 1983ರಲ್ಲಿ ಹೆರ್ಜೆ ತೀರಿಕೊಂಡಾಗ ಟಿನ್‌ಟಿನ್‌ನ ಒಂದು ಕಥೆ ಅರ್ಧಕ್ಕೆ ನಿಂತಿತ್ತು. ಅದರ ಕರಡುಗಳು 1986ರಲ್ಲಿ ಹಾಗೆಯೇ ಪುಸ್ತಕವಾಗಿ ಬಂದವು. ಸಿಕ್ಕರೆ ಎಲ್ಲರೂ ನೋಡಲೇಬೇಕು. ಓಡುವ ಮನುಷ್ಯನಿಗಾಗಿ ಗೆರೆಗಳು ಹೇಗೆ ಹುಡುಕಾಡುತ್ತವೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುತ್ತದೆ. ಆದರೆ ಹೆರ್ಜೆ ಇಳಿಸಿಕೊಳ್ಳುತ್ತಿದ್ದುದು ಅದೇ ಚೌಕಕ್ಕಾಗಿ, ಅದೇ ಕ್ಷಣಕ್ಕಾಗಿ ಬರೆದ ಕರಡನ್ನು. ಸಿದ್ಧ ಭಂಗಿಗಳ ಹಾಳೆಯಿಂದ ಇಳಿಸುವುದಕ್ಕೂ ಅದಕ್ಕೂ ಅಜಗಜಾಂತರ. ಮೇಡಂ ತಮ್ಮದೇ ಕರಡನ್ನು ಕಿಟಕಿಗೆ ಹಿಡಿದು ಒಳ್ಳೆಯ ಹಾಳೆಗೆ ಇಳಿಸಿಕೊಳ್ಳಲಿ, ನನ್ನ ತಕರಾರಿಲ್ಲ. ಹಾಳೆ ಎದ್ದುಹೋಗುವ ತೊಂದರೆಗೂ ಅದು ಮದ್ದು.

ಇದಕ್ಕೆ ತೀರಾ ವಿರುದ್ಧ ದಾರಿಯವರು ‘ಪೀನಟ್ಸ್’ ಕಾಮಿಕ್ ಸ್ಟ್ರಿಪ್‌ನ ಚಾರ್ಲಿ ಬ್ರೌನ್, ಸ್ನೂಪಿಯನ್ನು ಸೃಷ್ಟಿಸಿದ ಚಾರ್ಲ್ಸ್ ಶುಲ್ಝ್. ಪೆನ್ಸಿಲ್‌ನಲ್ಲಿ ಆದಷ್ಟು ಕಡಿಮೆ ಬರೆದು, ಉಳಿದದ್ದನ್ನು ನೇರವಾಗಿ ನಿಬ್ಬಿನಿಂದ ಬರೆಯುವುದು ಅವರ ಪದ್ಧತಿ. ಪೆನ್ಸಿಲ್ ಗೆರೆಯ ಮೇಲೆ ಮಸಿ ತಿದ್ದುತ್ತಾ ಹೋದರೆ ಗೆರೆಯ ಉಸಿರು ಹೋಗುತ್ತದೆ ಎಂಬ ಕಾಳಜಿ. 1950ರ ಅಕ್ಟೋಬರ್ 2ರಂದು ಏಳು ಪತ್ರಿಕೆಗಳಲ್ಲಿ ಶುರುವಾದ ಆ ಸ್ಟ್ರಿಪ್ 2000ದ ಫೆಬ್ರವರಿ 13ರವರೆಗೆ ನಡೆಯಿತು. ಮೊದಲ ವರ್ಷದ ಸ್ನೂಪಿ ನಾಲ್ಕು ಕಾಲಿನ ಸಾಧಾರಣ ನಾಯಿಮರಿ, ಆಮೇಲಿನ ಸ್ನೂಪಿ ಎರಡು ಕಾಲಿನ ಮೇಲೆ ನಿಂತು ಕುಣಿಯುವವನು. ವರ್ಷಗಳು ಕಳೆದಂತೆ ಪಾತ್ರ ಬದಲಾಗುವುದು ಸಹಜ, ಗಂಗಜ್ಜಿಯೂ ಬದಲಾಗಲಿ. ಒಂದೇ ಸ್ಟ್ರಿಪ್ಪಿನ ಒಳಗೆ ಬದಲಾಗಬಾರದು.

ಗೋಡೆಪತ್ರಿಕೆ

ಸರ್, ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ. ನಾಣ್ಯ ಮತ್ತು ಬೆನ್ನುಗೆರೆ ಹಿಡಿದು ಬರೆದೆ. ನಾಲ್ಕರಲ್ಲೂ ಅಜ್ಜಿಯ ಮೈಕಟ್ಟು ಒಂದೇ ಆಗಿದೆ. ಕಪ್ಪಗೆ ತುಂಬಿದ ಆಕೃತಿಯನ್ನು ನಾಲ್ಕನೆಯ ತರಗತಿಯ ಹುಡುಗ ನೋಡಿದ ಕೂಡಲೇ ಗುರುತು ಹಿಡಿದ. ಮೂಗಿನಿಂದ ಗಲ್ಲದ ಅಂತರ ಕುಗ್ಗಿಸಿದ ತಕ್ಷಣ ಮುಖಕ್ಕೆ ಬಂದ ವಯಸ್ಸನ್ನು ನೋಡಿ ನನಗೇ ಆಶ್ಚರ್ಯವಾಯಿತು.

ಈಗ ಉಳಿದದ್ದು ಮೂರು. ಪಕ್ಕಕ್ಕೆ ತಿರುಗಿದಾಗ ತಲೆ ಚಪ್ಪಟೆ ಕಾಣುತ್ತದೆ. ಎರಡು ಚುಕ್ಕೆ, ಒಂದು ಗೆರೆಯಲ್ಲಿ ಸಿಟ್ಟು, ಬೆರಗು, ಮಮತೆ ಎಲ್ಲ ಹೇಗೆ ತರುವುದು? ಅಂತರ್ಜಾಲದಲ್ಲಿ ಸಿಕ್ಕ ಮುಖಭಾವಗಳ ಪಟ್ಟಿ ನೋಡಿ ಬರೆದರೆ ಅಜ್ಜಿ ಯಾವುದೋ ವಿದೇಶಿ ಕಾರ್ಟೂನಿನವಳಂತೆ ಕಾಣುತ್ತಾಳೆ. ಮತ್ತೆ ಜೆರಾಕ್ಸ್.

ಉತ್ತರ: ಪ್ರತಿಗಳು

ದಾವಣಗೆರೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಕಾಲೇಜು ವಿದ್ಯಾರ್ಥಿಗಳ ಪೆನ್ಸಿಲ್ ನಕ್ಷೆಗಳು ದಿನಾ ಬರುತ್ತವೆ, ಹಾಗಾಗಿ ಕೊನೆಯ ಪ್ರಶ್ನೆಗೆ ನಾನು ಹೇಳಬಲ್ಲೆ.

ಗ್ರಾಫೈಟ್ ಹೊಳೆಯುತ್ತದೆ. ಹಾಳೆಯನ್ನು ಓರೆಯಾಗಿ ಹಿಡಿದರೆ ಆ ಹೊಳಪು ಕಾಣುತ್ತದೆ. ಯಂತ್ರದ ದೀಪ ಬಿದ್ದಾಗಲೂ ಹಾಗೆಯೇ ಆಗಿ, ನಿಮ್ಮ ಕಣ್ಣಿಗೆ ಕಪ್ಪಗಿದ್ದ ಗೆರೆ ಯಂತ್ರಕ್ಕೆ ಬೂದಾಗುತ್ತದೆ. ಅಂಗಡಿಯವರಿಗೆ ಫೋಟೋ ಮೋಡ್ ಬೇಡ, ಅಕ್ಷರದ ಮೋಡ್ ಹಾಕಿ ಎನ್ನಿ. ಫೋಟೋ ಮೋಡ್ ಬೂದು ಬಣ್ಣವನ್ನೆಲ್ಲ ಉಳಿಸಿಕೊಳ್ಳಲು ನೋಡುತ್ತದೆ, ನಿಮ್ಮ ಅಂಗೈ ಕಲೆ ಮೂಡುವುದು ಅದರಿಂದಲೇ. ಅಕ್ಷರದ ಮೋಡ್‌ನಲ್ಲಿ ಕಪ್ಪು ಇನ್ನೂ ಕಪ್ಪಾಗುತ್ತದೆ, ತೆಳು ಬೂದು ಬಿದ್ದುಹೋಗುತ್ತದೆ. ಆಮೇಲೆ ಗಾಢತೆಯನ್ನು ಒಂದು ಮೆಟ್ಟಿಲು ಏರಿಸಿ. ಹಾಳೆ ಅಚ್ಚ ಬಿಳಿ ಇರಲಿ. ಕೆನೆಬಣ್ಣದ ಡ್ರಾಯಿಂಗ್ ಹಾಳೆಯಾದರೆ ಗಾಢತೆ ಏರಿಸಿದಾಗ ಹಿನ್ನೆಲೆಯೂ ಮಬ್ಬಾಗುತ್ತದೆ.

ಇನ್ನೊಂದು, ಎ3 ಹಾಳೆಯಲ್ಲಿ ಬರೆದು ಎ4ಗೆ ಇಳಿಸಿ. ಯಂತ್ರದಲ್ಲಿ 71 ಶೇಕಡಾ ಎಂದಿರುತ್ತದೆ. ಚಿಕ್ಕದಾದಾಗ ಗೆರೆಯ ನಡುಕ ಅಡಗಿ, ಚಿತ್ರ ಬಿಗಿಯಾಗುತ್ತದೆ. ಎ3 ಹಾಳೆ ಅಡ್ಡಲಾಗಿ 42 ಸೆಂಟಿಮೀಟರ್. ಒಂಬತ್ತೂವರೆ ಸೆಂಟಿಮೀಟರ್ ಅಗಲದ ನಾಲ್ಕು ಚೌಕ, ನಡುವೆ ಅರ್ಧ ಸೆಂಟಿಮೀಟರ್ ಬಿಟ್ಟರೆ ಎರಡು ಬದಿಗೂ ಅಂಚು ಉಳಿಯುತ್ತದೆ. ಎತ್ತರ ಹದಿನಾಲ್ಕು ಇಟ್ಟುಕೊಳ್ಳಿ. ಸೀಸಕಡ್ಡಿ ಸರ್ ಹೇಳಿದ ಮೂರು ನಾಣ್ಯದ ಅಜ್ಜಿ ಎಂಟು ಸೆಂಟಿಮೀಟರ್ ಆಗುತ್ತಾಳೆ, ಮೇಲೆ ಮಾತಿಗೆ ಧಾರಾಳ ಜಾಗ ಸಿಗುತ್ತದೆ.

ಸೀಸಕಡ್ಡಿ

ಪ್ರತಿಗಳು ಅವರ ಲೆಕ್ಕ ಚೊಕ್ಕವಾಗಿದೆ. ನಾನು ಅದಕ್ಕೆ ನೀಲಿ ಪೆನ್ಸಿಲ್ ಸೇರಿಸುತ್ತೇನೆ. ನಮ್ಮ ಕಾಲದಲ್ಲಿ ಪುಟಗಳ ಚಿತ್ರ ತೆಗೆಯುತ್ತಿದ್ದ ಫಿಲ್ಮಿಗೆ ತಿಳಿನೀಲಿಗೂ ಬಿಳಿ ಹಾಳೆಗೂ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ಹಾಗಾಗಿ ಕರಡನ್ನು ತಿಳಿನೀಲಿ ಪೆನ್ಸಿಲ್‌ನಲ್ಲಿ ಬರೆದು ಮೇಲೆ ಕಪ್ಪು ಗೆರೆ ಹಾಕಿದರೆ, ನೀಲಿಯನ್ನು ಅಳಿಸುವ ಅಗತ್ಯವೇ ಇರುತ್ತಿರಲಿಲ್ಲ, ಅಚ್ಚಿನಲ್ಲಿ ಅದು ಬರುತ್ತಲೇ ಇರಲಿಲ್ಲ. ಈಗಿನ ಯಂತ್ರಗಳು ಎಲ್ಲ ನೀಲಿಯನ್ನೂ ಬಿಡುವುದಿಲ್ಲ. ಮಕ್ಕಳ ಬಣ್ಣದ ಪೆನ್ಸಿಲ್ ಪೆಟ್ಟಿಗೆಯ ಆಕಾಶನೀಲಿಯಲ್ಲಿ ಒಂದು ಗೆರೆ ತೆಳ್ಳಗೆ ಎಳೆದು ನಿಮ್ಮ ಅಂಗಡಿಯ ಯಂತ್ರದಲ್ಲಿ ತೆಗೆಸಿ ನೋಡಿ. ಬಿದ್ದುಹೋದರೆ ರಬ್ಬರ್ ಮುಟ್ಟುವ ಕೆಲಸವೇ ಇಲ್ಲ.

ಪಕ್ಕದ ನೋಟ. ತಲೆ ಚಪ್ಪಟೆ ಕಾಣುವುದು ಹಿಂಭಾಗವನ್ನು ಕತ್ತರಿಸಿಬಿಟ್ಟಿರುವುದರಿಂದ. ಪಕ್ಕದಿಂದ ನೋಡಿದರೆ ತಲೆಬುರುಡೆಯ ಆಳ ಹೆಚ್ಚುಕಡಿಮೆ ಅದರ ಎತ್ತರದಷ್ಟೇ ಇರುತ್ತದೆ. ನಾಣ್ಯದ ಉಂಡೆಯನ್ನು ಪೂರ್ತಿ ಹಾಗೆಯೇ ಬಿಡಿ. ಎದುರಿನಿಂದ ದವಡೆ ಉಂಡೆಯ ಕೆಳಗೆ ಅಂಟಿರುತ್ತದೆ, ಪಕ್ಕದಿಂದ ಅದೇ ದವಡೆ ಉಂಡೆಯ ಮುಂಭಾಗದ ಕೆಳಗೆ ಬರುತ್ತದೆ. ಮೂಗು ಕೆಳಕ್ಕೆ, ಗಲ್ಲ ಮೇಲಕ್ಕೆ, ಎರಡೂ ಒಂದನ್ನೊಂದು ಮುಟ್ಟಲು ಹೊರಟಂತೆ ಇರಲಿ. ಕಿವಿ ಸೆರಗಿನೊಳಗೆ ಹೋಗುವುದರಿಂದ ಅದರ ಗೋಜಿಲ್ಲ.

ಇನ್ನು ಮುಖಭಾವ. ಈ ಪ್ರಶ್ನೆಗಾಗಿಯೇ ನಾನು ಕಾಯುತ್ತಿದ್ದೆ. ಅಂತರ್ಜಾಲದ ಪಟ್ಟಿಗಳನ್ನು ದಯವಿಟ್ಟು ಮುಚ್ಚಿಡಿ. ಆ ಮುಖಗಳು ಬೇರೆ ಊರಿನ ಜನರದ್ದು. ಬಾಯಿ ಅಷ್ಟಗಲ ತೆರೆದು, ಕಣ್ಣಗುಡ್ಡೆ ಹೊರಗೆ ಹಾರಿ ಬೆರಗಾಗುವ ಅಜ್ಜಿಯನ್ನು ನಾನು ಹಾವೇರಿಯ ಕಡೆ ಎಲ್ಲೂ ಕಂಡಿಲ್ಲ. ನಮ್ಮ ಅಜ್ಜಿಯರ ಭಾವ ಕೈಯಲ್ಲಿದೆ, ಸೆರಗಿನಲ್ಲಿದೆ. ಬೆರಗಾದರೆ ಮೂಗಿನ ಮೇಲೆ ಬೆರಳು. ಸಿಟ್ಟು ಬಂದರೆ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ, ಆಗ ತಲೆಯ ಮೇಲಿನ ಗೆರೆಯೇ ಬದಲಾಗುತ್ತದೆ, ನೋಡುವವರಿಗೆ ಒಂದೇ ಏಟಿಗೆ ತಿಳಿಯುತ್ತದೆ. ಮೊಮ್ಮಗನ ಮೇಲೆ ಪ್ರೀತಿ ಉಕ್ಕಿದರೆ ಎರಡೂ ಕೈಯಿಂದ ಅವನ ಕೆನ್ನೆ ಸವರಿ, ತನ್ನ ಹಣೆಯ ಪಕ್ಕದಲ್ಲಿ ಲಟಿಕೆ ಮುರಿಯುತ್ತಾಳೆ. ಮಾತು ಹಿಡಿಸದಿದ್ದರೆ ಮುಖವನ್ನೇ ಆ ಕಡೆ ತಿರುಗಿಸಿ ಸಂಚಿಯ ದಾರ ಬಿಚ್ಚತೊಡಗುತ್ತಾಳೆ. ಸಂಕೋಚವಾದರೆ ಸೆರಗಿನ ತುದಿ ಬಾಯಿಗೆ. ಇವುಗಳಲ್ಲಿ ಯಾವುದಕ್ಕೂ ನಿಮ್ಮ ಎರಡು ಚುಕ್ಕೆ ಒಂದು ಗೆರೆಯನ್ನು ಮುಟ್ಟಬೇಕಾಗಿಲ್ಲ. ಹುಬ್ಬಿನ ಗೆರೆಯೊಂದನ್ನು ಬೇಕಾದರೆ ಎತ್ತಿ, ಇಳಿಸಿ.

ಇದು ನನ್ನ ಹಟ ಮಾತ್ರವಲ್ಲ. ಮಕ್ಕಳ ಪತ್ರಿಕೆ ಟಿಂಕಲ್‌ನ ಶಿಕಾರಿ ಶಂಭುವನ್ನು ನೋಡಿದ್ದೀರಲ್ಲ? ಅದನ್ನು ಮೊದಲು ಬರೆದ ವಸಂತ ಹಳಬೆ ಅವನ ಟೊಪ್ಪಿಗೆಯನ್ನು ಕಣ್ಣಿನ ಮೇಲೆಯೇ ಇಳಿಸಿಬಿಟ್ಟರು. ಕಣ್ಣೇ ಇಲ್ಲದ ಪಾತ್ರ. ಆದರೂ ಅವನ ಹೆದರಿಕೆ, ಜಂಬ, ಪರಾರಿಯಾಗುವ ಆತುರ ಒಂದೊಂದೂ ಮಕ್ಕಳಿಗೆ ತಿಳಿಯುತ್ತದೆ. ಮೊಣಕಾಲು, ಭುಜ, ಬಾಯಿ ಆ ಕೆಲಸ ಮಾಡುತ್ತವೆ.

ಹಾಗಾಗಿ ನೀವು ಈಗ ಕೂತು ಬರೆಯಬೇಕಾದ್ದು ಕೈಗಳನ್ನು. ಗ್ರಂಥಾಲಯದ ಕಟ್ಟೆಯ ಮೇಲೆ ಅಜ್ಜಿಯಂದಿರು ಬಂದು ಕೂರುತ್ತಾರೆಂದು ನನ್ನ ನಂಬಿಕೆ. ಅವರ ಕೈಗಳನ್ನು ಚಿಕ್ಕ ಪುಸ್ತಕದಲ್ಲಿ ಬೇಗ ಬೇಗ ಗೀಚಿಕೊಳ್ಳಿ. ಕೈ ಎಂದರೆ ಎಲ್ಲರೂ ಹೆದರುತ್ತಾರೆ, ಐದು ಬೆರಳು ಬಿಡಿಬಿಡಿಯಾಗಿ ಬರೆಯಲು ಹೋಗುವುದರಿಂದ. ಅಂಗೈ ಒಂದು ಚೌಕ, ಹೆಬ್ಬೆರಳು ಬೇರೆ, ಉಳಿದ ನಾಲ್ಕು ಸೇರಿ ಒಂದೇ ಮುದ್ದೆ. ಮೂಗಿನ ಮೇಲೆ ಬೆರಳಿಡುವಾಗ ತೋರುಬೆರಳೊಂದನ್ನು ಮಾತ್ರ ಆ ಮುದ್ದೆಯಿಂದ ಬಿಡಿಸಿ, ಮೂರು ಹಾಗೆಯೇ ಮಡಚಿರಲಿ. ಬಳೆಗಳಿಗೆ ಎರಡು ಬಾಗಿದ ಗೆರೆ ಸಾಕು, ಆದರೆ ಆ ಬಾಗು ಕೈ ತಿರುಗಿದ ಕಡೆಗೇ ಇರಬೇಕು. ಮಣಿಕಟ್ಟು ದುಂಡಗೆ ಕಾಣುವುದು ಅದರಿಂದ.

ಇಳಕಲ್ ಸೀರೆಯ ಸೆರಗಿನಲ್ಲಿ ತೋಪು ತೆನೆ ಎಂಬ ವಿನ್ಯಾಸದ ಹಲ್ಲುಗಳನ್ನು ಬರೆಯುವ ಆಸೆ ನಿಮಗೆ ಆಗಿಯೇ ಆಗುತ್ತದೆ. ಇಡೀ ಸೆರಗಿಗೆ ಬೇಡ, ಎ4ಗೆ ಇಳಿಸಿದಾಗ ಮುದ್ದೆಯಾಗುತ್ತದೆ. ಬೆನ್ನಿನ ಕೆಳಗೆ ಇಳಿದ ತುದಿಯಲ್ಲಿ ಮಾತ್ರ ನಾಲ್ಕೈದು ಹಲ್ಲು ಬರೆದು ನಡುವಿನ ಜಾಗವನ್ನು 2ಬಿಯಿಂದ ಕಪ್ಪು ಮಾಡಿ. ಇಡೀ ಚೌಕದಲ್ಲಿ ಅದೊಂದೇ ಗಾಢ ಕಪ್ಪು ಇದ್ದರೆ ಕಣ್ಣು ಮೊದಲು ಅಜ್ಜಿಯ ಮೇಲೆ ಬೀಳುತ್ತದೆ.

ಆಡಿನ ಬಗ್ಗೆ ನೀವು ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ, ಅದು ನನಗೆ ತುಂಬ ಹಿಡಿಸಿದ ಪಾತ್ರ. ಆಡಿನ ಕಣ್ಣಪಾಪೆ ಅಡ್ಡಲಾಗಿ ಸೀಳಿದಂತೆ ಇರುತ್ತದೆ. ಎರಡು ಸಣ್ಣ ಅಡ್ಡಗೆರೆ ಹಾಕಿದರೆ ಆಡು ಆಡೇ ಆಗುತ್ತದೆ, ಚುಕ್ಕೆ ಹಾಕಿದರೆ ನಾಯಿಯಾಗುತ್ತದೆ. ತಲೆ ಅಜ್ಜಿಯ ಸೊಂಟದ ಮಟ್ಟ ದಾಟದಿರಲಿ.

ಬಿಡಿಚಿತ್ರ

ಲಟಿಕೆ ಮುರಿಯುವ ಅಜ್ಜಿಯನ್ನು ಯಾವ ಮಾಡೆಲ್ ಶೀಟ್‌ನಲ್ಲೂ ನೋಡಿರಲಿಲ್ಲ ಸರ್. ಬೆಂಗಳೂರಿಗೆ ಬರುವವರಿಗೆ ಒಂದು ಮಾತು: ಟ್ರಿನಿಟಿ ವೃತ್ತದ ಹತ್ತಿರ ಭಾರತೀಯ ವ್ಯಂಗ್ಯಚಿತ್ರಕಾರರ ಸಂಸ್ಥೆಯ ಗ್ಯಾಲರಿ ಇದೆ. ಪ್ರದರ್ಶನ ನಡೆಯುವಾಗ ಹೋದರೆ ಚಿತ್ರಗಳನ್ನು ಒಂದು ಅಡಿ ದೂರದಿಂದ ನೋಡಬಹುದು. ಮೇಡಂ, ಮಕ್ಕಳನ್ನು ಪ್ರವಾಸ ಕರೆತಂದರೆ ಅಲ್ಲಿಗೂ ಹೋಗಿ.

ಗೋಡೆಪತ್ರಿಕೆ

ಸರ್, ಕಟ್ಟೆಯ ಮೇಲೆ ಅಜ್ಜಿಯಂದಿರು ಕೂರುವುದು ನಿಜ. ನಿನ್ನೆ ಸಂಜೆ ಅವರ ಕೈಗಳನ್ನೇ ಬರೆಯುತ್ತಾ ಕೂತೆ. ಸುಣ್ಣ ಹಚ್ಚುವ ಬೆರಳು, ಅಡಿಕೆ ಕತ್ತರಿಸುವ ಹಿಡಿತ, ಕೇಳಿಸದಾಗ ಕಿವಿಯ ಹಿಂದೆ ಹೋಗುವ ಅಂಗೈ. ಒಬ್ಬ ಅಜ್ಜಿ ಪುಸ್ತಕ ಇಸಿದುಕೊಂಡು ನೋಡಿ, ತನ್ನ ಕೈಯಲ್ಲಿ ಇನ್ನೂ ಎರಡು ಬಳೆ ಇವೆ, ಹಾಕು ಎಂದರು. ಹಾಕಿದೆ. ಈ ವಾರದ ಸ್ಟ್ರಿಪ್‌ನಲ್ಲಿ ಗಂಗಜ್ಜಿ ಪೇಪರಿನಲ್ಲಿ ಈರುಳ್ಳಿ ದರ ಕೇಳಿ ಸೆರಗು ಸಿಕ್ಕಿಸಿಕೊಳ್ಳುತ್ತಾಳೆ. ನಾಲ್ಕನೆಯ ಚೌಕದಲ್ಲಿ ಆಡು ಆ ಪೇಪರನ್ನೇ ತಿನ್ನುತ್ತದೆ. ಆಕಾಶನೀಲಿ ನಮ್ಮ ಅಂಗಡಿಯ ಯಂತ್ರದಲ್ಲಿ ಮೂಡಲಿಲ್ಲ, ಹಾಗಾಗಿ ಇನ್ನು ಕರಡೆಲ್ಲ ಅದರಲ್ಲೇ.

ಕೊನೆಯ ಪ್ರಶ್ನೆ. ಮಾತಿನ ಗುಳ್ಳೆಗಳನ್ನು ಚಿತ್ರ ಮುಗಿದ ಮೇಲೆ ಹಾಕುತ್ತಿದ್ದೇನೆ. ಅಕ್ಷರಗಳು ಇಕ್ಕಟ್ಟಾಗಿ ಗುಳ್ಳೆಯ ಅಂಚಿಗೆ ತಾಗುತ್ತಿವೆ. ಇದಕ್ಕೇನಾದರೂ ಕ್ರಮ ಇದೆಯೇ?

ಸೀಸಕಡ್ಡಿ

ಇದೆ. ಮಾತು ಮೊದಲು, ಗುಳ್ಳೆ ಆಮೇಲೆ, ಅಜ್ಜಿ ಕೊನೆಗೆ. ಚೌಕ ಎಳೆದ ಕೂಡಲೇ ಮೇಲ್ಭಾಗದಲ್ಲಿ ನೀಲಿಯಿಂದ ಸಾಲುಗೆರೆ ಹಾಕಿ, ಮಾತನ್ನು ಪೂರ್ತಿ ಬರೆಯಿರಿ. ಇಂಗ್ಲಿಷ್ ಕಾಮಿಕ್‌ಗಳ ಸಾಲುಗಳ ಅಂತರ ನೋಡಿ ನೀವೂ ಅಷ್ಟೇ ಬಿಟ್ಟರೆ ನಮ್ಮ ಲಿಪಿಗೆ ಸಾಲದು. ಅವರ ದೊಡ್ಡಕ್ಷರಗಳು ಸಾಲಿನ ಮೇಲೆಯೇ ನಿಲ್ಲುತ್ತವೆ. ನಮಗೆ ‘ಅಜ್ಜಿ’ ಎಂದು ಬರೆದರೂ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಮುಂದಿನ ಸಾಲಿನ ಗುಡಿಸು ಮೇಲೆ ಬಂದು ಅದಕ್ಕೆ ತಾಗುತ್ತದೆ. ಅಕ್ಷರ ಐದು ಮಿಲಿಮೀಟರ್ ಎತ್ತರವಾದರೆ ಸಾಲುಗಳ ನಡುವೆ ಇನ್ನೊಂದು ಐದು ಮಿಲಿಮೀಟರ್ ಬಿಡಿ. ಬರೆದು ಮುಗಿದ ಮೇಲೆ ಮಾತಿನ ಸುತ್ತ ಒಂದು ಅಕ್ಷರದಷ್ಟು ಜಾಗ ಬಿಟ್ಟು ಗುಳ್ಳೆಯ ಗೆರೆ ಎಳೆಯಿರಿ, ಬಾಲ ಅಜ್ಜಿಯ ಬಾಯಿಯ ಕಡೆಗೆ ಹೊರಡಲಿ, ಬಾಯಿಯನ್ನು ಮುಟ್ಟದೆ ಅರ್ಧ ದಾರಿಯಲ್ಲೇ ನಿಲ್ಲಲಿ.

ಮೊದಲು ಮಾತನಾಡುವವರು ಎಡಕ್ಕೆ. ಹುಡುಗ ಓದಿ, ಅಜ್ಜಿ ಉತ್ತರ ಕೊಡುವುದಾದರೆ ಹುಡುಗ ಎಡಗಡೆ, ಅಜ್ಜಿ ಬಲಗಡೆ. ಒಂದು ಚೌಕದಲ್ಲಿ ಮೂರು ಸಾಲು ದಾಟಿದರೆ ಮಾತನ್ನು ಕತ್ತರಿಸಿ, ಅಜ್ಜಿಯನ್ನು ಚಿಕ್ಕದು ಮಾಡಬೇಡಿ. ಆಡು ಪೇಪರ್ ತಿನ್ನುವ ಚೌಕಕ್ಕೆ ಮಾತೇ ಬೇಡ.